ತಂಬೂರಿ ರಿಪೇರಿಗೆ ಧಾರವಾಡದ ಒಂದು ಪುಟ್ಟ ಅಂಗಡಿ

ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಎಂ.ಎ. ಸಂಗೀತ ಓದುತ್ತಿದ್ದೇನೆ. ಮೊಬೈಲ್ ಆ್ಯಪ್‌ನ ತಂಬೂರಿ ಸುಮ್ನೆ ರಿಯಾಜ್‌ಗೆ (ಅಭ್ಯಾಸಕ್ಕೆ) ಪರವಾಗಿಲ್ಲ. ನಿಜವಾದ ತಂಬೂರಿಯ ನಾದವೇ ಬೇರೆ, ಅಲ್ವಾ? ನನ್ನದು ಮಿರಜ್‌ನಲ್ಲಿ ಮಾಡಿದ್ದು. ಇತ್ತೀಚೆಗೆ ಅದರ ದನಿ ಮಂಕಾಗಿತ್ತು.

ಅಂಗಡಿಯ ಕಾಕಾ ತಂತಿ ಬದಲಿಸುವ ಮಾತೇ ಎತ್ತಲಿಲ್ಲ. "ಯವ್ವಾ, ಮೊದಲ ನಿನ್ನ ಸಾ ಹಚ್ಚು, ಕೇಳ್ತೀನಿ" ಅಂದರು. ಆಮೇಲೆ ಕುದುರೆ, ಅಂದರೆ ತಂತಿಗಳು ಹಾದುಹೋಗುವ ಪಟ್ಟಿ, ನೋಡಿದರು. ತಂತಿ ಉಜ್ಜಿ ಉಜ್ಜಿ ಅದರ ಮೇಲೆ ಸಣ್ಣ ಗೆರೆಗಳು ಬಿದ್ದಿದ್ದವು. ಅರದಿಂದ ಒಂದಿಷ್ಟು ತಿಕ್ಕುವುದು, ಮೀಟಿ ಕೇಳುವುದು, ಮತ್ತೆ ತಿಕ್ಕುವುದು. ಹೀಗೆ ಕುದುರೆ ತಿಕ್ಕಿ ನಾದ ಹದಗೊಳಿಸುವ ಜವಾರಿ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಕೊನೆಗೆ ತಂತಿಯ ಕೆಳಗೆ ನೂಲಿನ ಎಳೆ ಸರಿಸಿದರು, ನಾದ ತೆರೆದುಕೊಂಡಿತು. ಖರಜದ (ಕೆಳಗಿನ ಸಾ) ತಂತಿಯಲ್ಲಿ ಗಂಧಾರ ಸ್ವರ ತಾನಾಗಿ ಕೇಳಿಸಿತು! ಮೊದಲ ತಂತಿಯನ್ನು ಪಂಚಮಕ್ಕೆ ಸೇರಿಸಿ, ಮಾಲಕಂಸ ರಾಗಕ್ಕೆ ಬೇಕಾಗುವ ಮಧ್ಯಮಕ್ಕೂ ಇಳಿಸಿ ತೋರಿಸಿದರು. ಇಷ್ಟು ಕಿವಿ ಇರುವ ರಿಪೇರಿಯವರು ಈಗ ಸಿಗುವುದೇ ಕಷ್ಟ.

ಬೇಜಾರು ಒಂದೇ, ಹೇಳಿದ ದಿನಕ್ಕೆ ಕೊಡುವುದಿಲ್ಲ. ನನಗೆ ಒಂದು ವಾರ ಜಾಸ್ತಿ ಹಿಡಿಯಿತು. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರವಿದ್ದರೆ ಮೊದಲೇ ಒಯ್ಯಿರಿ. ಆಟೋದಲ್ಲಿ ತಂಬೂರಿಯ ಬುರುಡೆಯ ಕೆಳಗೆ ದಪ್ಪ ಕೌದಿ ಹಾಕಿಕೊಳ್ಳಿ.