ಕಂಪನಿ ಡೆಸ್ಕ್‌ಟಾಪ್‌ಗೆ ಲಿಕ್ವಿಡ್ ಕೂಲರ್ ಹಾಕಿಸುವ ಮುನ್ನ

ಕಂಪನಿಯಿಂದಲೇ ಜೋಡಿಸಿ ಬಂದ ಡೆಸ್ಕ್‌ಟಾಪ್ ಬಿಸಿಯಾಗುತ್ತಿದೆ ಎಂದು ಯಾರಾದರೂ ನಿಮಗೆ, ದ್ರವ ಹರಿಸಿ ಪ್ರೊಸೆಸರನ್ನು ತಂಪಾಗಿಸುವ ಲಿಕ್ವಿಡ್ ಕೂಲರ್ ಹಾಕಿಸಲು ಹೇಳಿದರೆ, ದಯವಿಟ್ಟು ಒಪ್ಪುವ ಮುನ್ನ ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ತೆಗೆಸಿ ಒಳಗೆ ಏನಿದೆ ಎಂದು ನೋಡಿ. ನಾನೂ ನನ್ನ ತಮ್ಮನೂ ಚಿಕ್ಕಮಗಳೂರಿನಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡಿಕೊಂಡಿದ್ದೇವೆ. ಇಂಥದೇ ಸಲಹೆಯಿಂದಾಗಿ, ರಿಪೇರಿಗೆ ಹೋಗುವ ಮುಂಚೆ ಕೆಲಸ ಕೊಡುತ್ತಿದ್ದ ನಮ್ಮ ಸಿಸ್ಟಮ್ ಒಂದೇ ಮಳೆಗಾಲದಲ್ಲಿ ಪೂರ್ತಿ ಹಾಳಾಯಿತು.

ನಮ್ಮದು ಇಂಟೆಲ್ ಕೋರ್ ಐ7-10700 ಪ್ರೊಸೆಸರ್ ಇದ್ದ ಸಿಸ್ಟಮ್. ಉದ್ದದ ವಿಡಿಯೊ ರೆಂಡರ್ ಮಾಡುವಾಗ, ಅಂದರೆ ಎಡಿಟ್ ಆದದ್ದನ್ನು ಅಂತಿಮ ವಿಡಿಯೊ ಆಗಿಸುವಾಗ, ಉಷ್ಣತೆ ಆ ಪ್ರೊಸೆಸರ್‌ನ ಗರಿಷ್ಠ ಮಿತಿಯಾದ 100 ಡಿಗ್ರಿಯ ಹತ್ತಿರಕ್ಕೆ ಹೋಗಿ ಕೆಲಸ ನಿಧಾನವಾಗುತ್ತಿತ್ತು. ಅಂಗಡಿಯವರು ತಗಡು ಬಿಚ್ಚದೆಯೇ, "ಸರ್, ಲಿಕ್ವಿಡ್ ಕೂಲರ್ ಹಾಕ್ಸಿ, ಫುಲ್ ಸ್ಪೀಡ್ ಬರುತ್ತೆ" ಎಂದರು. ಹಳೆಯ ಕೂಲರ್ ಕಳಚಿದಾಗ ಅದರ ರೆಕ್ಕೆಗಳ ನಡುವೆ ದೂಳು ಕಂಬಳಿಯಂತೆ ಕಟ್ಟಿಕೊಂಡಿತ್ತು; ಬಿಸಿಯನ್ನು ಕೂಲರ್‌ಗೆ ದಾಟಿಸಲು ಪ್ರೊಸೆಸರ್ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಬಿಸಿಯಾಗಲು ಕಾರಣ ಅಲ್ಲಿಯೇ ಕಣ್ಣೆದುರು ಇತ್ತು. ದೂಳು ತೆಗೆದು ಹೊಸ ಪೇಸ್ಟ್ ಹಚ್ಚಿ ಮೊದಲು ನೋಡೋಣ ಎಂದು ಆಗಲಾದರೂ ಹೇಳುವುದು ಕೆಲಸ ಬಲ್ಲವರ ಧರ್ಮವಾಗಿತ್ತು. ಅವರು ಹೇಳಲಿಲ್ಲ.

ಕೂಲರ್ ಕೂರಿಸುವಾಗಲೇ ತೊಂದರೆ ಶುರುವಾಯಿತು. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಇದ್ದದ್ದು 92 ಮಿಲಿಮೀಟರ್ ಫ್ಯಾನ್‌ನ ಜಾಗ. ತಂದಿದ್ದ ಕೂಲರ್‌ನ ರೇಡಿಯೇಟರ್, ಅಂದರೆ ದ್ರವದ ಬಿಸಿಯನ್ನು ಹೊರಹಾಕುವ ಭಾಗ, 120 ಮಿಲಿಮೀಟರ್ ಫ್ಯಾನ್‌ನದು. ಸ್ಕ್ರೂ ಹಾಕಲು ತೂತೇ ಇಲ್ಲದ ಕಾರಣ ಅದನ್ನು ಕೆಳಗೆ ಹಾರ್ಡ್ ಡಿಸ್ಕ್ ಗೂಡಿಗೆ ನೈಲಾನ್ ಟ್ಯಾಗ್‌ಗಳಿಂದ ಬಿಗಿದರು. ಹೀಗೆ ರೇಡಿಯೇಟರ್ ಕೆಳಗೂ, ಪ್ರೊಸೆಸರ್ ಮೇಲೆ ಕೂತು ದ್ರವ ಹರಿಸುವ ಪಂಪ್ ಮೇಲೂ ಆದವು. ಮುಚ್ಚಿದ ಲಿಕ್ವಿಡ್ ಕೂಲರ್‌ನಲ್ಲಿಯೂ ಸ್ವಲ್ಪ ಗಾಳಿ ಇದ್ದೇ ಇರುತ್ತದೆ. ಆ ಗಾಳಿ ಏರಿ ಅತಿ ಎತ್ತರದ ಜಾಗದಲ್ಲಿ ನಿಲ್ಲುತ್ತದೆ. ರೇಡಿಯೇಟರ್ ಮೇಲಿದ್ದರೆ ಅದರಿಂದ ತೊಂದರೆಯಿಲ್ಲ, ಆದರೆ ಪಂಪ್ ಮೇಲಿದ್ದರೆ ಗಾಳಿ ಪಂಪ್‌ಗೇ ಸೇರುತ್ತದೆ. ಮೊದಲ ದಿನದಿಂದಲೇ ಕೇಳುತ್ತಿದ್ದ ಗುಳುಗುಳು ಸದ್ದು ಅದರದೇ. ಮೇಲಾಗಿ, ಕಂಪನಿಯ ಬಯಾಸ್ (ಆನ್ ಮಾಡಿದೊಡನೆ ಸಿಸ್ಟಮ್ ಪರೀಕ್ಷಿಸಿ ಶುರುಮಾಡುವ ತಂತ್ರಾಂಶ) ತನ್ನದೇ ಫ್ಯಾನನ್ನು ಹುಡುಕಿ ಕಾಣದೆ, ಆನ್ ಮಾಡಿದಾಗಲೆಲ್ಲ ಫ್ಯಾನ್ ದೋಷದ ಸಂದೇಶ ತೋರಿಸಿ ನಿಂತುಬಿಡುತ್ತಿತ್ತು. ಎಫ್1 ಒತ್ತಿದರೆ ಮಾತ್ರ ಮುಂದಕ್ಕೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೇಗೆ ಹೋಗಿ ಬರುತ್ತದೆ ಎಂಬುದು ಈ ಕಡೆಯವರಿಗೆ ಗೊತ್ತೇ ಇದೆ.

ಇಷ್ಟಾದರೂ ವೇಗ ಹೆಚ್ಚಲಿಲ್ಲ, ಒಂದು ಮಿತಿ ಮೀರಿ ಹೆಚ್ಚುವಂತೆಯೂ ಇರಲಿಲ್ಲ. ಈ ಪ್ರೊಸೆಸರ್‌ಗೆ ಇಂಟೆಲ್ ಗೊತ್ತುಮಾಡಿದ ಮೂಲ ವಿದ್ಯುತ್ ಮಿತಿ 65 ವ್ಯಾಟ್. ಸ್ವಲ್ಪ ಹೊತ್ತು ಅದಕ್ಕಿಂತ ಹೆಚ್ಚು ವಿದ್ಯುತ್ ಎಳೆದರೂ, ದೀರ್ಘ ಕೆಲಸದಲ್ಲಿ ನಮ್ಮ ಸಿಸ್ಟಮ್ ಆ ಮಿತಿಗೇ ಮರಳುತ್ತಿತ್ತು, ಮತ್ತು ಅದನ್ನು ಬದಲಿಸುವ ಅವಕಾಶ ಅದರ ಬಯಾಸ್‌ನಲ್ಲಿ ಇರಲಿಲ್ಲ. ಎಷ್ಟೇ ಒಳ್ಳೆಯ ಕೂಲರ್ ಹಾಕಿದರೂ ಆ ಮಿತಿ ದಾಟುವುದಿಲ್ಲ. ಇದಕ್ಕಿಂತ ದೊಡ್ಡ ಹಾನಿ ಬೇರೆ ಕಡೆ ಆಗುತ್ತಿತ್ತು. ಪ್ರೊಸೆಸರ್‌ಗೆ ಬೇಕಾದ ವೋಲ್ಟೇಜ್ ಒದಗಿಸುವ ವಿಆರ್‌ಎಂ ಎಂಬ ಭಾಗ ಅದರ ಪಕ್ಕದಲ್ಲಿಯೇ ಇರುತ್ತದೆ. ನಮ್ಮ ಮದರ್‌ಬೋರ್ಡಿನಲ್ಲಿ ಅದರ ಮೇಲೆ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಇರಲಿಲ್ಲ. ಹಳೆಯ ಕೂಲರ್‌ನ ಫ್ಯಾನ್ ಕೆಳಮುಖವಾಗಿ ಬೀಸುತ್ತಿದ್ದ ಗಾಳಿಯೇ ಅದನ್ನೂ ತಂಪಾಗಿಡುತ್ತಿತ್ತು. ಫ್ಯಾನ್ ಹೋಗಿ ಆ ಜಾಗಕ್ಕೆ ಪಂಪ್ ಬಂದಾಗ ಪ್ರೊಸೆಸರ್ ತಂಪಾಯಿತು, ವಿಆರ್‌ಎಂಗೆ ಗಾಳಿಯೇ ಇಲ್ಲದಂತಾಯಿತು. ಅದು ಕಾದರೆ ಬೋರ್ಡ್ ಪ್ರೊಸೆಸರ್‌ನ ವೇಗವನ್ನೇ ತಗ್ಗಿಸುತ್ತದೆ. ಪ್ರೊಸೆಸರ್ 60 ಡಿಗ್ರಿ ತೋರಿಸುತ್ತಿರುವಾಗಲೇ ರೆಂಡರ್ ಮೊದಲಿಗಿಂತ ನಿಧಾನವಾಗುತ್ತಿದ್ದುದು ಏಕೆ ಎಂದು ಆಗ ನಮಗೆ ತಿಳಿಯಲಿಲ್ಲ, ಕೇಳಿದಾಗ ಅಂಗಡಿಯವರು ವಿಂಡೋಸ್ ಮತ್ತೆ ಹಾಕಿಕೊಟ್ಟರು.

ಕೊನೆಗೆ ಒಂದು ರಾತ್ರಿ ರೆಂಡರ್ ನಡುವೆ ಸಿಸ್ಟಮ್ ಆಫ್ ಆಯಿತು, ಮತ್ತೆ ಆನ್ ಆಗಲಿಲ್ಲ. ಕಂಪನಿಯ ಸರ್ವಿಸ್ ಎಂಜಿನಿಯರ್ ಬಂದು, ಪ್ರೊಸೆಸರ್ ಪಕ್ಕದಲ್ಲಿ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿದರು. ಹೊರಗಿನ ಕೂಲರ್ ಹಾಕಿ ಆದ ಹಾನಿ ವಾರಂಟಿಗೆ ಸೇರುವುದಿಲ್ಲ ಎಂದು ಬರೆದುಕೊಟ್ಟು ಹೋದರು. ಬೇರೆ ಬೋರ್ಡ್ ಹಾಕೋಣವೆಂದರೆ, ಮಾರುಕಟ್ಟೆಯ ಸಾಮಾನ್ಯ ಎಟಿಎಕ್ಸ್ ಮಾದರಿಯ ಬೋರ್ಡಿಗೆ 24 ಪಿನ್ನಿನ ಕನೆಕ್ಟರ್ ಬೇಕು, ವಿದ್ಯುತ್ ಒದಗಿಸುವ ನಮ್ಮ ಎಸ್‌ಎಂಪಿಎಸ್ ಪೆಟ್ಟಿಗೆಯದು ಆ ಕಂಪನಿಯದೇ ಬೇರೆ ಬಗೆ. ಎಸ್‌ಎಂಪಿಎಸ್, ಕ್ಯಾಬಿನೆಟ್, ಬೋರ್ಡ್ ಮೂರನ್ನೂ ಬದಲಿಸಬೇಕು, ಅಂದರೆ ಹೊಸ ಸಿಸ್ಟಮ್ ಕೊಂಡಂತೆಯೇ. ಆ ಮುಹೂರ್ತದ ತಿಂಗಳಲ್ಲಿ ಎರಡು ಮದುವೆಯವರಿಗೆ ವಿಡಿಯೊ ಹೊತ್ತಿಗೆ ಕೊಡಲಾಗಲಿಲ್ಲ. ಹಣಕ್ಕಿಂತ ಅದು ನಮಗೆ ಹೆಚ್ಚು ನೋವು ಕೊಟ್ಟಿತು.

ಆದ್ದರಿಂದ ಮೊದಲು ದೂಳು ತೆಗೆಸಿ, ಪೇಸ್ಟ್ ಬದಲಿಸಿ, ಒಂದು ವಾರ ಕೆಲಸ ಮಾಡಿ ನೋಡಿ. ಆಮೇಲೂ ಬಿಸಿಯಾದರೆ, ಬೋರ್ಡ್ ಮೇಲೆ ಗಾಳಿ ಬೀಸುವಂಥ ಏರ್ ಕೂಲರನ್ನೇ ಕೇಳಿ. ರೇಡಿಯೇಟರ್‌ಗೆ ಸ್ಕ್ರೂ ಹಾಕುವ ಜಾಗ ತೋರಿಸಲಾರದವರಿಗೆ ಕ್ಯಾಬಿನೆಟ್ ಒಪ್ಪಿಸಬೇಡಿ. ವಾರಂಟಿ ಇನ್ನೂ ಇದ್ದರೆ ಕಂಪನಿಯವರನ್ನೇ ಮೊದಲು ಕರೆಸಿ.

ಅಂಗಡಿಯಿಂದ ಬಿಲ್ ಪಡೆಯುವಾಗ ಕೂಲರ್‌ನ ಹೆಸರಿನ ಜೊತೆಗೆ ಜೋಡಿಸಿಕೊಟ್ಟದ್ದೂ ಅವರೇ ಎಂದು ಬರೆಸಿಕೊಳ್ಳಿ. ನಮಗೆ ಸಿಕ್ಕಿದ್ದು ಬರೀ ಮೊತ್ತ ಬರೆದ ಚೀಟಿ. ಈಗ ಅವರು ತಾವು ಕೂಲರ್ ಮಾರಿದ್ದಷ್ಟೇ, ಫಿಟ್ಟಿಂಗ್ ತಮ್ಮದಲ್ಲ ಎನ್ನುತ್ತಿದ್ದಾರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ಆದರೆ ಎರಡು ವರ್ಷದೊಳಗೆ ದೂರು ಕೊಡಬೇಕು. ಆ ಚೀಟಿ, ನೈಲಾನ್ ಟ್ಯಾಗ್ ಕಟ್ಟಿದ ರೇಡಿಯೇಟರ್‌ನ ಫೋಟೊ, ಎಂಜಿನಿಯರ್ ಬರೆದುಕೊಟ್ಟ ವರದಿ ಇಟ್ಟುಕೊಂಡು ನಾವೂ ಈಗ ದೂರು ಸಿದ್ಧಪಡಿಸುತ್ತಿದ್ದೇವೆ.