ನಾವಿಲ್ಲದ ಹೊತ್ತಿನ ಬೆಳ್ಳಿ: ಸಾಕುನಾಯಿ ಕ್ಯಾಮೆರಾದೊಂದಿಗೆ ಎಂಟು ತಿಂಗಳು

ನಾನೂ ನನ್ನ ಪತ್ನಿಯೂ ಇಬ್ಬರೂ ಉದ್ಯೋಗದಲ್ಲಿರುವವರು. ಬೆಳಿಗ್ಗೆ ಎಂಟೂವರೆಗೆ ಬೀಗ ಹಾಕಿ ಹೊರಟರೆ ಮರಳಿ ಬಾಗಿಲು ತೆರೆಯುವಾಗ ಸಂಜೆ ಆರು ದಾಟಿರುತ್ತದೆ. ಆ ನಡುವಿನ ಒಂಬತ್ತೂವರೆ ಗಂಟೆಗಳ ಕಾಲ ನಮ್ಮ ಐದು ವರ್ಷದ ಹೆಣ್ಣುನಾಯಿ ಬೆಳ್ಳಿ ಮನೆಯಲ್ಲಿ ಒಬ್ಬಳೇ ಇರುತ್ತಿದ್ದಳು. ಆ ಹೊತ್ತನ್ನೆಲ್ಲ ಅವಳು ನಿದ್ದೆಯಲ್ಲಿ ಕಳೆಯುತ್ತಾಳೆಂದೇ ನಾವು ನಂಬಿದ್ದೆವು, ಏಕೆಂದರೆ ಸಂಜೆ ಮನೆಗೆ ಬಂದಾಗ ಹರಿದ ದಿಂಬಾಗಲಿ ಉರುಳಿದ ಪಾತ್ರೆಯಾಗಲಿ ಕಾಣುತ್ತಿರಲಿಲ್ಲ. ಬಾಗಿಲ ಬುಡದಲ್ಲಿ ಒಣಗಿದ ನೀರಿನ ಕಲೆಯಂಥದ್ದೊಂದು ಇರುತ್ತಿತ್ತು. ಕುಡಿಯುವಾಗ ಚೆಲ್ಲಿಕೊಂಡಿರಬೇಕೆಂದು ಅದನ್ನು ಒರೆಸಿ ಸುಮ್ಮನಾಗುತ್ತಿದ್ದೆವು. ಪಕ್ಕದ ಮನೆಯ ಹಿರಿಯರೊಬ್ಬರು ಒಂದು ದಿನ ಬಹಳ ಸಂಕೋಚದಿಂದ, "ನೀವು ಹೋದ ಮೇಲೆ ಅದು ತುಂಬಾ ಹೊತ್ತು ಅಳುತ್ತೆ, ಹೇಳಬೇಕೋ ಬೇಡವೋ ಅಂತ ಯೋಚಿಸ್ತಿದ್ದೆ" ಎಂದ ಮೇಲೆ ನಾವು ಈ ಕ್ಯಾಮೆರಾವನ್ನು ಕೊಂಡೆವು.

ತಯಾರಕರ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಈ ಬಗೆಯ ಉಪಕರಣಗಳು ಸರಿಸುಮಾರು ಒಂದೇ ರೀತಿಯವಾಗಿರುವುದರಿಂದ ನನ್ನ ಅನುಭವ ಬೇರೆ ಹೆಸರಿನವನ್ನು ಕೊಳ್ಳುವವರಿಗೂ ಉಪಯೋಗಕ್ಕೆ ಬರಬಹುದು. ಮನೆಯ ವೈಫೈಗೆ ಜೋಡಿಸಿಕೊಳ್ಳುವ ಅಗಲನೋಟದ ಕ್ಯಾಮೆರಾ, ಕತ್ತಲಲ್ಲೂ ಕಾಣಿಸುವ ಇನ್‌ಫ್ರಾರೆಡ್ ದೀಪ, ಎರಡೂ ಕಡೆಯಿಂದ ಮಾತಾಡಲು ಮೈಕು ಮತ್ತು ಸ್ಪೀಕರ್, ಬೊಗಳಿದಾಗ ಫೋನಿಗೆ ಬರುವ ಸೂಚನೆ, ಮೊಬೈಲಿನಲ್ಲಿ ಗುಂಡಿ ಒತ್ತಿದರೆ ಬಿಸ್ಕತ್ತಿನ ಚೂರನ್ನು ಹೊರಕ್ಕೆಸೆಯುವ ಡಬ್ಬಿ, ಇಷ್ಟು ಇದರಲ್ಲಿವೆ. ಜೋಡಿಸುವುದಕ್ಕೆ ಕಾಲು ಗಂಟೆ ಸಾಕಾಯಿತು.

ಆದರೆ ಅದನ್ನು ಎಲ್ಲಿಡಬೇಕೆಂಬುದನ್ನು ತಿಳಿಯಲು ಎರಡು ದಿನ ಬೇಕಾಯಿತು. ಮೊದಲ ದಿನ ಹಜಾರದ ಕಪಾಟಿನ ಮೇಲೆ, ಬೆಳ್ಳಿಯ ಹಾಸಿಗೆ ಚೆನ್ನಾಗಿ ಕಾಣುವಂತೆ ಇಟ್ಟೆವು. ದಿನವಿಡೀ ನಮಗೆ ಕಂಡದ್ದು ಖಾಲಿ ಹಾಸಿಗೆ. ಕೇಳಿಸಿದ್ದು ಎಲ್ಲಿಂದಲೋ ಬರುತ್ತಿದ್ದ ಕುಂಯ್‌ಗುಡುವ ದನಿ. ಎರಡನೆಯ ದಿನ ಕ್ಯಾಮೆರಾವನ್ನು ಮುಂಬಾಗಿಲ ಕಡೆಗೆ ತಿರುಗಿಸಿದೆವು. ಒಂಟಿಯಾಗಿರಲು ಹೆದರುವ ನಾಯಿ ತನ್ನ ಹಾಸಿಗೆಯ ಬಳಿ ಇರುವುದಿಲ್ಲ, ನಾವು ಹೊರಟುಹೋದ ಬಾಗಿಲಲ್ಲೇ ಇರುತ್ತದೆ. ಕೊಳ್ಳುವವರು ಮೊದಲ ದಿನದಿಂದಲೇ ಕ್ಯಾಮೆರಾವನ್ನು ಬಾಗಿಲಿಗೆ ಎದುರಾಗಿ ಇಡಲಿ ಎಂಬುದು ನನ್ನ ಮೊದಲ ಸಲಹೆ.

ಅಲ್ಲಿ ಕಂಡದ್ದನ್ನು ಬರೆಯುವುದು ನನಗೆ ಇಂದಿಗೂ ಸುಲಭವಲ್ಲ. ಬೀಗದ ಸದ್ದು ನಿಂತ ಮೂರು ನಿಮಿಷಕ್ಕೆ ಬೆಳ್ಳಿ ಏದುಸಿರು ಬಿಡಲಾರಂಭಿಸಿದಳು, ಸೆಖೆಯಿಲ್ಲದ ದಿನ. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಒಂದೇ ಜಾಡಿನಲ್ಲಿ ಸುತ್ತುತ್ತಾ ಬಾಗಿಲ ಕೆಳಗಿನ ಸಂದಿಗೆ ಮೂತಿ ಒತ್ತಿ ನಿಲ್ಲುತ್ತಿದ್ದಳು, ಜೊಲ್ಲು ತೊಟ್ಟಿಕ್ಕುತ್ತಿತ್ತು; ನಾವು ದಿನವೂ ಒರೆಸುತ್ತಿದ್ದ ಕಲೆ ಅದೇ. ಆಮೇಲೆ ಕುತ್ತಿಗೆ ಮೇಲೆತ್ತಿ ಊಳಿಟ್ಟಳು. ನಲವತ್ತು ನಿಮಿಷಗಳ ನಂತರ ನಮ್ಮ ಚಪ್ಪಲಿಗಳ ಪಕ್ಕದಲ್ಲಿ ಕುಸಿದು ಮಲಗಿದಳಾದರೂ ಮೆಟ್ಟಿಲ ಮೇಲೆ ಯಾರದೇ ಹೆಜ್ಜೆ ಕೇಳಿಸಿದರೂ ಎಲ್ಲವೂ ಮೊದಲಿನಿಂದ ಆರಂಭವಾಗುತ್ತಿತ್ತು.

ಪಶುವೈದ್ಯರು ಕ್ಯಾಮೆರಾದ ಈ ವಿಡಿಯೊ ದಾಖಲೆಯನ್ನು ನೋಡಿದ ಕೂಡಲೇ ಇದು ಬೇಸರವಲ್ಲ, ಅಗಲಿಕೆಯ ಆತಂಕ ಎಂದರು. ಎರಡಕ್ಕೂ ಇರುವ ವ್ಯತ್ಯಾಸವನ್ನು ಅವರು ವಿವರಿಸಿದ ರೀತಿ ನನಗೆ ಬಹಳ ಉಪಯುಕ್ತವೆನಿಸಿತು. ಬೇಸರಗೊಂಡ ನಾಯಿ ಸಾಮಾನ್ಯವಾಗಿ ಒಂದು ನಿದ್ದೆ ಮುಗಿಸಿ, ಆಮೇಲೆ ಕೈಗೆ ಸಿಕ್ಕಿದ್ದನ್ನು ಆಟವಾಗಿ ಹರಿಯುತ್ತದೆ. ಆತಂಕದ ನಾಯಿಯಲ್ಲಾದರೋ ಲಕ್ಷಣಗಳು ಯಜಮಾನರು ಹೊರಟ ಮೊದಲ ಅರ್ಧ ಗಂಟೆಯೊಳಗೇ ಕಾಣಿಸಿಕೊಳ್ಳುತ್ತವೆ, ಮತ್ತು ಅದು ಕೆರೆಯುವುದು, ಕಚ್ಚುವುದು ಹೆಚ್ಚಾಗಿ ಬಾಗಿಲು, ಕಿಟಕಿಗಳಂಥ ಹೊರಹೋಗುವ ದಾರಿಗಳನ್ನೇ. ಸಂಜೆ ಮನೆಗೆ ಬಂದು ನೋಡಿದರೆ ಎರಡೂ ಒಂದೇ ರೀತಿ ಕಾಣಬಹುದು. ಯಾವಾಗ ಆರಂಭವಾಯಿತು, ಹೇಗೆ ಆರಂಭವಾಯಿತು ಎಂಬುದನ್ನು ತೋರಿಸುವುದು ದಾಖಲೆ ಮಾತ್ರ. ಈ ಉಪಕರಣಕ್ಕೆ ಕೊಟ್ಟ ಹಣದ ಬಹುಪಾಲು ನನಗೆ ಆ ಒಂದೇ ದಿನ ವಸೂಲಾಯಿತು.

ಈಗ ಅದರ ಉಳಿದ ಸೌಲಭ್ಯಗಳ ವಿಷಯ. ಜಾಹೀರಾತು ಹೆಚ್ಚು ಒತ್ತುಕೊಡುವುದು ಮಾತಾಡುವ ಸೌಲಭ್ಯಕ್ಕೆ: ಕಚೇರಿಯಲ್ಲಿ ಕುಳಿತು ನಾಯಿಗೆ ಸಮಾಧಾನ ಹೇಳಬಹುದು ಎಂಬುದು ಅದರ ಆಶ್ವಾಸನೆ. ನನ್ನ ಪತ್ನಿ ಒಮ್ಮೆ ಊಟದ ಬಿಡುವಿನಲ್ಲಿ "ಬೆಳ್ಳೀ, ಏನಮ್ಮಾ" ಎಂದು ಕರೆದಳು. ಬೆಳ್ಳಿ ಧಡಕ್ಕನೆ ಎದ್ದು ಕ್ಯಾಮೆರಾದ ಹಿಂದೆ ಮೂಸಿ ನೋಡಿದಳು, ಕೋಣೆಗಳಿಗೆಲ್ಲ ಓಡಿದಳು, ಮತ್ತೆ ಬಾಗಿಲಿಗೆ ಬಂದು ಬೆಳಿಗ್ಗೆಗಿಂತ ಜೋರಾಗಿ ಊಳಿಟ್ಟಳು. ನಾಯಿ ಮನುಷ್ಯರನ್ನು ಗುರುತಿಸುವುದರಲ್ಲಿ ವಾಸನೆಯ ಪಾತ್ರ ಬಹಳ ದೊಡ್ಡದು. ದನಿ ಇದೆ, ದನಿಯ ಒಡತಿಯ ವಾಸನೆ ಎಲ್ಲಿಯೂ ಇಲ್ಲ ಎಂದಾಗ ಅದು ಹುಡುಕುತ್ತದೆಯೇ ಹೊರತು ಸಮಾಧಾನಗೊಳ್ಳುವುದಿಲ್ಲ. ಆತಂಕವಿಲ್ಲದ ಕೆಲವು ನಾಯಿಗಳು ಈ ದನಿಯನ್ನು ಆಲಿಸಿ ಮತ್ತೆ ಮಲಗುವುದುಂಟು. ನಿಮ್ಮ ನಾಯಿ ಯಾವ ಬಗೆಯದೆಂದು ತಿಳಿಯುವ ತನಕ ದಯವಿಟ್ಟು ಆ ಗುಂಡಿಯನ್ನು ಮುಟ್ಟಬೇಡಿ. ನಾವು ಅದನ್ನು ಮತ್ತೆಂದೂ ಬಳಸಲಿಲ್ಲ.

ಬಿಸ್ಕತ್ತೆಸೆಯುವ ಡಬ್ಬಿಯ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಕಟುವಾಗಿಲ್ಲ. ಮೊದಲ ವಾರಗಳಲ್ಲಿ ಎಸೆದ ಚೂರುಗಳೆಲ್ಲ ಸಂಜೆಯವರೆಗೆ ನೆಲದ ಮೇಲೇ ಬಿದ್ದಿರುತ್ತಿದ್ದವು, ಅದೂ ನಾವಿದ್ದಾಗ ಅದೇ ಚೂರಿಗಾಗಿ ಕುಣಿಯುತ್ತಿದ್ದ ನಾಯಿ. ಭಯದಲ್ಲಿರುವ ಪ್ರಾಣಿ ಉಣ್ಣುವುದಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಈ ಡಬ್ಬಿ ಬಹುಮಾನ ಕೊಡುವ ಯಂತ್ರವಾಗುವುದಕ್ಕೆ ಮೊದಲು ಅಳತೆಗೋಲಾಯಿತು: ಐದನೆಯ ತಿಂಗಳಲ್ಲಿ ಅವಳು ಮೊದಲ ಬಾರಿಗೆ ನಾವಿಲ್ಲದಾಗ ಚೂರೊಂದನ್ನು ತಿಂದ ದಿನ ನಾವಿಬ್ಬರೂ ಕಚೇರಿಯಿಂದ ಒಬ್ಬರಿಗೊಬ್ಬರು ಫೋನು ಮಾಡಿದೆವು. ಯಂತ್ರವಾಗಿ ನೋಡಿದರೆ ದೋಷಗಳಿವೆ. ಮೆತ್ತನೆಯ ಇಲ್ಲವೇ ದಪ್ಪಗಿನ ತಿನಿಸು ಹಾಕಿದರೆ ಸಿಕ್ಕಿಹಾಕಿಕೊಳ್ಳುತ್ತದೆ, ಮೋಟಾರಿನ ಸದ್ದು ಅಂಜುಬುರುಕ ನಾಯಿಯನ್ನು ಬೆಚ್ಚಿಬೀಳಿಸುವಷ್ಟಿದೆ. ಇಂಥ ತಿನಿಸುಗಳೆಲ್ಲ ಸೇರಿ ನಾಯಿಯ ದಿನದ ಒಟ್ಟು ಕ್ಯಾಲೊರಿಯ ಶೇಕಡಾ 10ನ್ನು ಮೀರಬಾರದೆಂದು ಪಶುವೈದ್ಯರು ಹೇಳುವುದನ್ನೂ ನೆನಪಿಡಬೇಕು, ಏಕೆಂದರೆ ಗುಂಡಿ ಒತ್ತುವ ಸುಖ ನಮ್ಮದು, ತೂಕ ಅದರದು. ಒಳಗೆ ಆಹಾರ ತುಂಬಿಡುವ ಗಟ್ಟಿ ರಬ್ಬರಿನ ಆಟಿಕೆ ಇದಕ್ಕಿಂತ ಒಳ್ಳೆಯದು. ನೆಕ್ಕಿ ಮುಗಿಸುವುದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಅದಕ್ಕೆ ಕಡಲೆಕಾಯಿ ಬೆಣ್ಣೆ ತುಂಬುವವರು ಡಬ್ಬದ ಮೇಲೆ ಕ್ಸೈಲಿಟಾಲ್ ಎಂದು ಬರೆದಿದೆಯೇ ಎಂದು ತಪ್ಪದೆ ಓದಬೇಕು. ಸಕ್ಕರೆಯ ಬದಲಿಗೆ ಬಳಸುವ ಆ ವಸ್ತು ಸ್ವಲ್ಪ ಪ್ರಮಾಣದಲ್ಲೂ ನಾಯಿಗೆ ವಿಷ.

ಬೊಗಳಿದಾಗ ಬರುವ ಸೂಚನೆಯನ್ನು ನಾನು ಎರಡನೆಯ ವಾರವೇ ನಿಲ್ಲಿಸಿದೆ. ಬೀದಿಯ ಹಾರ್ನಿಗೂ ಅದು ಎಚ್ಚರಿಸುತ್ತಿತ್ತು, ಮತ್ತು ನಿಜವಾಗಿ ಅವಳೇ ಅಳುತ್ತಿದ್ದಾಗಲೂ ಸಭೆಯ ನಡುವೆ ಕುಳಿತ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ದಾಖಲೆಗಳನ್ನು ಸಂಜೆ ಒಟ್ಟಿಗೆ ನೋಡುವುದೇ ಸರಿ. ಆ ದಾಖಲೆಗಳು ತಿಂಗಳ ಶುಲ್ಕ ಕಟ್ಟಿದವರಿಗೆ ಮಾತ್ರ ಉಳಿಯುತ್ತವೆಂಬುದನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಬೇಕಿತ್ತು. ಮೆಮೊರಿ ಕಾರ್ಡ್ ಹಾಕಿಕೊಳ್ಳಬಹುದಾದ ಕ್ಯಾಮೆರಾ ಸಿಕ್ಕರೆ ಅದನ್ನೇ ಕೊಳ್ಳಿ. ವಿದ್ಯುತ್ತು ಹೋದರೆ ಇದೂ ಕುರುಡಾಗುತ್ತದೆ. ಮನೆಯೊಳಗನ್ನು ತೋರಿಸುವ ಸಾಧನವಾದ್ದರಿಂದ ಬಂದಾಗಿನ ಪಾಸ್‌ವರ್ಡನ್ನು ಕೂಡಲೇ ಬದಲಿಸಬೇಕು, ಮನೆಗೆ ಬಂದುಹೋಗುವವರಿಗೆ ಕ್ಯಾಮೆರಾ ಇದೆಯೆಂದು ಮೊದಲೇ ತಿಳಿಸಬೇಕು.

ಈ ಕ್ಯಾಮೆರಾ ನಿಜವಾಗಿ ದುಡಿದದ್ದು ತರಬೇತಿಯಲ್ಲಿ. ಪಶುವೈದ್ಯರ ಸೂಚನೆಯಂತೆ ಮೊದಲು ಬೀಗದ ಕೈ ತೆಗೆದುಕೊಳ್ಳುವುದು, ಚಪ್ಪಲಿ ಮೆಟ್ಟುವುದು, ಚೀಲ ಹೆಗಲಿಗೇರಿಸುವುದು ಮುಂತಾದವನ್ನು ಎಲ್ಲಿಗೂ ಹೋಗದೆಯೇ ದಿನಕ್ಕೆ ಹಲವು ಬಾರಿ ಮಾಡಿ, ಆ ಸದ್ದುಗಳಿಗೂ ಅಗಲಿಕೆಗೂ ಇದ್ದ ನಂಟನ್ನು ಸಡಿಲಗೊಳಿಸಿದೆವು. ಆಮೇಲೆ ಹೊರಗೆ ಹೋಗಿ ಐದು ಸೆಕೆಂಡಿಗೆ ಮರಳುವುದು, ಹತ್ತು ಸೆಕೆಂಡಿಗೆ ಮರಳುವುದು, ಹೀಗೆ. ನಾಯಿಗೆ ಭಯ ಹುಟ್ಟುವ ಮೊದಲೇ ಮರಳಬೇಕೆಂಬುದು ಈ ವಿಧಾನದ ಜೀವಾಳ. ಆದರೆ ಮುಚ್ಚಿದ ಬಾಗಿಲಿನ ಹೊರಗೆ ನಿಂತವರಿಗೆ ಆ ಕ್ಷಣ ಯಾವುದೆಂದು ತಿಳಿಯುವುದು ಹೇಗೆ? ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಫೋನಿನ ಪರದೆಯಲ್ಲಿ ಅವಳ ಕಿವಿ ಹಿಂದಕ್ಕೆ ಸರಿಯುವುದನ್ನು, ತುಟಿ ನೆಕ್ಕಿಕೊಳ್ಳುವುದನ್ನು ಕಂಡ ಕೂಡಲೇ ಎದ್ದು ಬಾಗಿಲು ತೆರೆಯುತ್ತಿದ್ದೆವು. ಒಂದು ನಿಮಿಷ ದಾಟಲು ಹನ್ನೊಂದು ದಿನ ಬೇಕಾಯಿತು. ಅರ್ಧ ಗಂಟೆ ದಾಟಿದ ಮೇಲೆ ಮಾತ್ರ ವೇಗ ಹೆಚ್ಚಿತು. ಆ ತಿಂಗಳುಗಳಲ್ಲಿ ಅವಳನ್ನು ದಿನವಿಡೀ ಒಂಟಿಯಾಗಿ ಬಿಡುವಂತಿರಲಿಲ್ಲವಾದ್ದರಿಂದ ಸರದಿಯಂತೆ ರಜೆ ಹಾಕಿದೆವು, ಮನೆಯಿಂದಲೇ ಕೆಲಸ ಮಾಡಲು ಅನುಮತಿ ಪಡೆದೆವು. ತೀವ್ರವಾದ ಸಂದರ್ಭಗಳಲ್ಲಿ ತರಬೇತಿಯ ಜೊತೆಗೆ ಔಷಧವನ್ನೂ ಕೊಡುತ್ತಾರೆ. ಅಮೆರಿಕದಲ್ಲಿ ಈ ಆತಂಕಕ್ಕೆಂದೇ ಕ್ಲೋಮಿಪ್ರಮಿನ್‌ಗೆ 1998ರಲ್ಲಿ, ಫ್ಲುಯೊಕ್ಸೆಟಿನ್‌ಗೆ 2007ರಲ್ಲಿ ಅನುಮತಿ ದೊರೆತಿದೆ. ಬೆಳ್ಳಿಗೆ ಅದರ ಅಗತ್ಯ ಬರಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ವಿಮರ್ಶೆ ಪ್ರಾಮಾಣಿಕವಾಗದು. ಕ್ಯಾಮೆರಾ ಕೊಳ್ಳುವ ಒಂದು ತಿಂಗಳ ಮೊದಲು ಬಾಗಿಲಿನ ಚೌಕಟ್ಟಿನ ಮೇಲೆ ಗೀರುಗಳನ್ನು ಕಂಡು ನಾನು ಬೆಳ್ಳಿಯನ್ನು ಗದರಿಸಿದ್ದೆ. ಅವಳು ಕಿವಿ ಇಳಿಬಿಟ್ಟು, ಕಣ್ಣು ತಪ್ಪಿಸಿ ಮೂಲೆಗೆ ಹೋದಳು, ತಪ್ಪು ಅರಿವಾಗಿದೆ ಎಂದುಕೊಂಡೆ. ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದಂತೆ, ಆ ತಪ್ಪಿತಸ್ಥ ಮುಖ ನಾಯಿ ಏನು ಮಾಡಿದೆ ಎಂಬುದನ್ನು ಅವಲಂಬಿಸಿರುವುದಿಲ್ಲ. ಯಜಮಾನ ಗದರಿದರೆ ಏನೂ ಮಾಡದ ನಾಯಿಯೂ ಅದೇ ಮುಖ ಮಾಡುತ್ತದೆ. ಅವಳು ಚೌಕಟ್ಟನ್ನು ಕೆರೆಯುವುದು ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ಎಂದು ದಾಖಲೆಯಲ್ಲಿ ಕಂಡ ಮೇಲೆ, ಸಂಜೆ ಆರಕ್ಕೆ ಬಂದು ನಾನು ಗದರಿದ್ದು ಅವಳಿಗೆ ಹೇಗೆ ಕೇಳಿಸಿರಬೇಕೆಂದು ಬಹಳ ದಿನ ಯೋಚಿಸಿದೆ. ದಿನವಿಡೀ ಕಾದು ಕುಳಿತದ್ದು ಅವಳು. ಯಾರಿಗಾಗಿ ಕಾದಳೋ ಅವನಿಂದ ಸಿಕ್ಕಿದ್ದು ಆ ಗದರಿಕೆ.

ಕ್ಯಾಮೆರಾದಿಂದ ಆಗದ ಕೆಲಸವನ್ನು ಮನುಷ್ಯರೇ ಮಾಡಬೇಕು. ಬೆಳೆದ ನಾಯಿ ಆರರಿಂದ ಎಂಟು ಗಂಟೆ ಮೂತ್ರ ತಡೆದುಕೊಳ್ಳಬಲ್ಲದು ಎಂದರೆ ಅಷ್ಟು ಹೊತ್ತು ತಡೆದುಕೊಳ್ಳಬೇಕು ಎಂದರ್ಥವಲ್ಲ. ಮರಿಗಳಿಗಂತೂ ಅದು ಸಾಧ್ಯವೇ ಇಲ್ಲ. ಸ್ವೀಡನ್ನಿನ ನಿಯಮದ ಪ್ರಕಾರ ಹಗಲಿನಲ್ಲಿ ಕನಿಷ್ಠ 6 ಗಂಟೆಗೊಮ್ಮೆ ನಾಯಿಯನ್ನು ಹೊರಗೆ ಬಿಡಬೇಕು. ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆಗಳು ಒಮ್ಮೆಗೆ 4 ಗಂಟೆಗಿಂತ ಹೆಚ್ಚು ಒಂಟಿಯಾಗಿ ಬಿಡಬೇಡಿ ಎನ್ನುತ್ತವೆ. ಥೆರೇಸ್ ರೆನ್ ಮತ್ತು ಲಿಂಡಾ ಕೀಲಿಂಗ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧ ಗಂಟೆ ಒಂಟಿಯಾಗಿದ್ದ ನಾಯಿಗಳಿಗಿಂತ ಎರಡು ಗಂಟೆ ಒಂಟಿಯಾಗಿದ್ದವು ಯಜಮಾನರನ್ನು ಹೆಚ್ಚು ತೀವ್ರವಾಗಿ ಎದುರುಗೊಂಡವು. ಒಂಬತ್ತೂವರೆ ಗಂಟೆ ಯಾವ ಲೆಕ್ಕದಲ್ಲೂ ಅತಿಯಾಯಿತು. ಆದ್ದರಿಂದ ಮಧ್ಯಾಹ್ನ ಒಂದಕ್ಕೆ ಬಂದು ನಲವತ್ತು ನಿಮಿಷ ಬೆಳ್ಳಿಯನ್ನು ಹೊರಗೆ ಸುತ್ತಾಡಿಸುವವರೊಬ್ಬರನ್ನು ಗೊತ್ತುಮಾಡಿಕೊಂಡಿದ್ದೇವೆ. ಅವರು ಹೋದ ಮೇಲಿನ ದಾಖಲೆಯಲ್ಲಿ ಬೆಳ್ಳಿ ಕಾಲು ಚಾಚಿ ನಾಲ್ಕರವರೆಗೆ ನಿದ್ರಿಸುತ್ತಾಳೆ, ಕೆಲವೊಮ್ಮೆ ನಿದ್ದೆಯಲ್ಲೇ ಕಾಲು ಆಡಿಸುತ್ತಾಳೆ.

ಹಾಗಾಗಿ ಕೇಳಿದವರಿಗೆಲ್ಲ ನಾನು ಹೇಳುವುದಿಷ್ಟು: ಕ್ಯಾಮೆರಾ ಕೊಳ್ಳಿ, ಆದರೆ ಬಿಸ್ಕತ್ತಿನ ಡಬ್ಬಿ ಇಲ್ಲದ ಸಾದಾ ಕ್ಯಾಮೆರಾ ಸಾಕು, ಉಳಿದ ಹಣವನ್ನು ಮಧ್ಯಾಹ್ನ ಬರುವ ಆ ಮನುಷ್ಯರಿಗೆ ಕೊಡಿ. ಹೊಸದಾಗಿ ನಾಯಿ ತಂದವರು ಮೊದಲ ವಾರವೇ ಒಂದು ಹಳೆಯ ಫೋನನ್ನಾದರೂ ಬಾಗಿಲಿಗೆ ಎದುರಾಗಿ ನಿಲ್ಲಿಸಿ, ಅರ್ಧ ಗಂಟೆ ಹೊರಗೆ ಹೋಗಿ ಬಂದು ನೋಡಲಿ.

ಕಳೆದ ವಾರದ ದಾಖಲೆಗಳಲ್ಲಿ ನಾವು ಹೊರಟ ಮೇಲೆ ಬೆಳ್ಳಿ ಹನ್ನೆರಡು ನಿಮಿಷ ಬಾಗಿಲ ಮುಂದೆ ನಿಲ್ಲುತ್ತಾಳೆ, ಊಳಿಡುವುದಿಲ್ಲ, ಆಮೇಲೆ ತನ್ನ ಹಾಸಿಗೆಗೆ ಹೋಗುತ್ತಾಳೆ. ಆ ಹನ್ನೆರಡು ನಿಮಿಷ ಇನ್ನೂ ಉಳಿದಿರುವುದರಿಂದ ಕ್ಯಾಮೆರಾವನ್ನು ಸದ್ಯಕ್ಕೆ ಬಾಗಿಲ ಎದುರಿನಿಂದ ತೆಗೆಯುವುದಿಲ್ಲ.