ಬ್ರೆಡ್ ನಡುವೆ ಯಾವ ಹಣ್ಣು? ಬಾಳೆ, ಮಾವು, ಅನಾನಸ್ ಹಾಕಿ ನೋಡಿದೆ

ನಮ್ಮನೆಯಲ್ಲಿ ಸ್ಯಾಂಡ್‌ವಿಚ್ ಅಂದ್ರೆ ಸೌತೆಕಾಯಿ, ಟೊಮೆಟೊ, ಈರುಳ್ಳಿ, ಹಸಿರು ಚಟ್ನಿ. ಈ ಬೇಸಿಗೆಯಲ್ಲಿ ಬುಟ್ಟಿ ತುಂಬಾ ಮಾವಿನಹಣ್ಣು ಕೂತಿದ್ದಾಗ ಮಗಳು, "ಅಮ್ಮಾ, ಇದನ್ನೇ ಬ್ರೆಡ್‌ಗೆ ಹಾಕ್ಬಾರ್ದಾ?" ಅಂದಳು. ಅಲ್ಲಿಂದ ಶುರುವಾಯಿತು. ಬ್ರೆಡ್ ಬದಲಾಯಿಸಲಿಲ್ಲ, ಪ್ರತಿ ಸಲವೂ ಬೇಕರಿಯ ಹಾಲಿನ ಬ್ರೆಡ್ಡೇ. ಪ್ರತಿಯೊಂದನ್ನೂ ಎರಡು ಸಲ ತಿಂದು ನೋಡಿದೆವು: ಮಾಡಿದ ಕೂಡಲೇ ಒಮ್ಮೆ, ಡಬ್ಬಿಯಲ್ಲಿ ನಾಲ್ಕು ಗಂಟೆ ಇಟ್ಟು ಇನ್ನೊಮ್ಮೆ.

ಮೊದಲು ಬಾಳೆ. ಪಚ್ಚಬಾಳೆ ಬೇಡವೇ ಬೇಡ. ಕಚ್ಚಿದರೆ ಪಕ್ಕದಿಂದ ಜಾರಿ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಪ್ಪಾಗಿ ಪೇಸ್ಟ್ ಆಗಿರುತ್ತದೆ. ಏಲಕ್ಕಿ ಬಾಳೆ ಹಾಗಲ್ಲ. ಗಟ್ಟಿ, ಸ್ವಲ್ಪ ಹುಳಿ. ಉದ್ದಕ್ಕೆ ಸೀಳಿ ಮಲಗಿಸಿ, ಮೇಲೆ ಕಾಂಗ್ರೆಸ್ ಕಡಲೆಕಾಯಿ ಜಜ್ಜಿ ಉದುರಿಸಿ, ತುಪ್ಪದಲ್ಲಿ ಕಾವಲಿ ಮೇಲೆ ಸುಟ್ಟೆ. ಬಿಸಿಬಿಸಿ ತಿನ್ನಲು ಬಹಳ ಚೆನ್ನ. ಡಬ್ಬಿಗೆ ಸುಮಾರು.

ಮಾವಿನಲ್ಲಿ ಮೂರು ತಳಿ ನೋಡಿದೆ. ರಸಪುರಿ ಹೆಸರಿಗೆ ತಕ್ಕ ಹಾಗೆ ರಸ. ಹತ್ತು ನಿಮಿಷಕ್ಕೆ ಬ್ರೆಡ್ ಒದ್ದೆ. ಅದನ್ನು ಸೀಕರಣೆಗೇ ಬಿಡಿ. ಬಾದಾಮಿಯ ತಿರುಳು ಗಟ್ಟಿ, ನಾರಿಲ್ಲ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಚಿಟಿಕೆ ಏಲಕ್ಕಿ ಪುಡಿ ಜೊತೆ ಕೂಡಲೇ ತಿಂದರೆ ಮಾವಿನಲ್ಲಿ ಇದನ್ನು ಮೀರಿಸುವುದು ಇಲ್ಲ. ಡಬ್ಬಿಯಲ್ಲಿ ಮಾತ್ರ ಇದೂ ಸೋತಿತು.

ನನ್ನನ್ನು ಖುಷಿಪಡಿಸಿದ್ದು ತೋತಾಪುರಿ. ಗಿಣಿಮೂತಿ ಮಾವು ಅಂತೀವಲ್ಲ, ಅದೇ. ದೋರೆಗಾಯಿ ಆಗಿರಬೇಕು, ಪೂರ್ತಿ ಹಣ್ಣಾಗಿರಬಾರದು. ತೆಳ್ಳಗೆ ಹೆಚ್ಚಿ, ಹಸಿರು ಚಟ್ನಿ, ಈರುಳ್ಳಿ ಜೊತೆ ಇಟ್ಟೆ. ನಾಲ್ಕು ಗಂಟೆ ಆದ ಮೇಲೂ ಕಚ್ಚಿದರೆ ಕರುಕ್ ಅಂದಿತು! ಒಂದೇ ಎಚ್ಚರಿಕೆ: ತಳ್ಳುಗಾಡಿಯವರ ಹಾಗೆ ಹೋಳುಗಳಿಗೆ ಉಪ್ಪು, ಖಾರ ಹಚ್ಚಬೇಡಿ. ಉಪ್ಪು ಬಿದ್ದರೆ ಮಾವು ನೀರು ಬಿಡುತ್ತದೆ. ಖಾರದ ಪುಡಿಯನ್ನು ಬೆಣ್ಣೆಯಲ್ಲಿ ಕಲಸಿ ಬ್ರೆಡ್‌ಗೆ ಅಂಚಿನವರೆಗೂ ಸವರಿ. ಬೆಣ್ಣೆ ಇದ್ದರೆ ಬ್ರೆಡ್ ಅಷ್ಟು ಬೇಗ ನೀರು ಹೀರುವುದಿಲ್ಲ.

ಅನಾನಸ್ ಮೊದಲ ಸಲ ಕೆಟ್ಟಿತು. ಹಸಿ ಹೋಳನ್ನು ಅದೇ ಗಟ್ಟಿ ಮೊಸರಿನ ಜೊತೆ ಇಟ್ಟಿದ್ದೆ. ಮಧ್ಯಾಹ್ನ ತೆರೆದರೆ ಮೊಸರು ಕಹಿ! ಅನಾನಸ್‌ನಲ್ಲಿ ಬ್ರೊಮೆಲೈನ್ ಅನ್ನೋ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಕಹಿ ಬರುವುದು ಅದರಿಂದ. ಚೆನ್ನಾಗಿ ಬಿಸಿ ಮಾಡಿದರೆ ಅದರ ಆಟ ನಡೆಯುವುದಿಲ್ಲ. ಹಾಗಾಗಿ ಮರುದಿನ ಮೊಸರು ಬಿಟ್ಟು, ತೆಳು ಬಿಲ್ಲೆಗಳನ್ನು ಕಾವಲಿ ಮೇಲೆ ಹಾಕಿದೆ. ಅಂಚು ಕೆಂಪಾಗಿ, ನೀರೆಲ್ಲ ಚುಂಯ್ ಅಂತ ಆರಿ, ಮನೆ ತುಂಬಾ ಬೆಲ್ಲ ಕಾಸಿದಂಥ ಘಮ.

ಆಗ ಉಡುಪಿ ಕಡೆಯ ಅನಾನಸ್ ಮೆಣಸ್ಕಾಯಿ ನೆನಪಾಯಿತು. ಅದರಲ್ಲಿ ಹುರಿದ ಎಳ್ಳು, ಒಣಮೆಣಸಿನಕಾಯಿ, ಬೆಲ್ಲ ಇರುತ್ತದಲ್ವಾ? ಅದನ್ನೇ ಗಟ್ಟಿಯಾಗಿ ರುಬ್ಬಿ, ಹುಣಸೆಹಣ್ಣು ಒಂಚೂರು ಸೇರಿಸಿ, ಬ್ರೆಡ್‌ಗೆ ಸವರಿದೆ. ಮೇಲೆ ಸುಟ್ಟ ಅನಾನಸ್. ಸಿಹಿ, ಹುಳಿ, ಖಾರ ಮೂರೂ ಒಂದೇ ತುತ್ತಿನಲ್ಲಿ. ನಾನು ತಿಂದ ಸ್ಯಾಂಡ್‌ವಿಚ್‌ಗಳಲ್ಲೇ ಇದು ಮೇಲು ಅಂತ ಧೈರ್ಯವಾಗಿ ಹೇಳ್ತೀನಿ. ಬಿಲ್ಲೆ ಪೂರ್ತಿ ಆರಿದ ಮೇಲೆ ಕಟ್ಟಿದರೆ ಡಬ್ಬಿಗೂ ಆಗುತ್ತದೆ. ಆದರೆ ಬೆಳಗಿನ ಗಡಿಬಿಡಿಯಲ್ಲಿ ಇಷ್ಟೆಲ್ಲ ಮಾಡಲು ಅರ್ಧ ಗಂಟೆ ಜಾಸ್ತಿ ಬೇಕು.

ಹಾಗಾಗಿ ವಾರದ ದಿನಗಳ ಡಬ್ಬಿಗೆ ತೋತಾಪುರಿ, ಭಾನುವಾರಕ್ಕೆ ಅನಾನಸ್. ಮಗಳಿಗೆ ಮಾತ್ರ ಬಾದಾಮಿಯೇ ಬೇಕು. ಅವಳಿಗೆ ಬ್ರೆಡ್ ಬೇರೆ, ಹೋಳು ಬೇರೆ, ಮೊಸರು ಬೇರೆ ಪುಟ್ಟ ಡಬ್ಬಿಯಲ್ಲಿ ಕಟ್ಟಿಕೊಡ್ತೀನಿ. ತಿನ್ನುವಾಗ ಅವಳೇ ಜೋಡಿಸಿಕೊಳ್ತಾಳೆ.